ನಮ್ಮೂರಿನ ಆಯುಷ್ಯ ಎಷ್ಟು? ಖಬರಸ್ಥಾನದ ಪುಸ್ತಕ ತೆರೆದು ನೋಡಿ

ಮಂಡ್ಯದವರ ಆಯುಷ್ಯ ಎಷ್ಟು ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? ‘ಅದು ಅಲ್ಲಾಹನಿಗೇ ಗೊತ್ತು’ ಎನ್ನುತ್ತೀರಿ. ನಿಜ. ಯಾರ ಅಜಲ್ ಎಂದು ಬರುತ್ತದೆ ಎಂಬುದನ್ನು ಯಾವ ವೈದ್ಯನೂ ಯಾವ ಲೆಕ್ಕಿಗನೂ ಹೇಳಲಾರ. ಆದರೆ ಪತ್ರಿಕೆಗಳಲ್ಲಿ ಆಗಾಗ ಬರುವ ‘ಸರಾಸರಿ ಜೀವಿತಾವಧಿ’ ಎಂಬ ಅಂಕಿ ಯಾರ ಭವಿಷ್ಯವನ್ನೂ ಹೇಳುವುದಿಲ್ಲ. ಅದು ನಡೆದುಹೋದ ಸಂಗತಿಯ ಲೆಕ್ಕ. ಒಂದು ಊರಿನಲ್ಲಿ ಎಷ್ಟು ಜನ, ಯಾವ ವಯಸ್ಸಿನಲ್ಲಿ, ಬೇಗನೆ ಹೋದರು ಎಂಬುದನ್ನು ಒಂದೇ ಅಂಕಿಯಲ್ಲಿ ಹಿಡಿದಿಡುವ ಉಪಾಯ.

ಈ ಅಂಕಿಯನ್ನು ಓದುವುದನ್ನು ನಾವು ಕಲಿಯಬೇಕು. ಯಾಕೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಮೊಹಲ್ಲಾಗಳ ಮಟ್ಟಿಗೆ ಇದನ್ನು ಯಾರೂ ಲೆಕ್ಕ ಹಾಕಿ ನಮ್ಮ ಕೈಗೆ ಕೊಡುವುದಿಲ್ಲ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ ಜೀವಿತಾವಧಿಯ ಕೋಷ್ಟಕಗಳನ್ನು ಪ್ರಕಟಿಸುವುದು ದೇಶಕ್ಕೆ ಮತ್ತು ದೊಡ್ಡ ರಾಜ್ಯಗಳಿಗೆ ಮಾತ್ರ. ತಾಲ್ಲೂಕಿಗೆ ಇಲ್ಲ, ಜಮಾಅತಿಗಂತೂ ಇಲ್ಲವೇ ಇಲ್ಲ. ಆದರೆ ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ನಿಮ್ಮ ಮಸೀದಿಯ ಬೀರುವಿನಲ್ಲೇ ಇದೆ. ಅದರ ವಿಷಯಕ್ಕೆ ಆಮೇಲೆ ಬರೋಣ.

ಎಪ್ಪತ್ತು ಎಂದರೆ ಎಪ್ಪತ್ತಲ್ಲ

ಭಾರತೀಯರ ಸರಾಸರಿ ಜೀವಿತಾವಧಿ ಈಗ ಸುಮಾರು 70 ವರ್ಷ. ಕರ್ನಾಟಕದ್ದೂ ಅದರ ಆಸುಪಾಸಿನಲ್ಲೇ ಇದೆ. ಕೇರಳದ್ದು ಸುಮಾರು 75. ಇದನ್ನು ಕೇಳಿದ ಕೂಡಲೇ 65 ದಾಟಿದ ಹಿರಿಯರು ‘ಹಾಗಾದರೆ ನನಗಿನ್ನು ಐದೇ ವರ್ಷ’ ಎಂದು ನಗುತ್ತಾರೆ. ಹಾಗಲ್ಲ. ಅರವತ್ತನ್ನು ಮುಟ್ಟಿದ ಭಾರತೀಯರು ಸರಾಸರಿ ಇನ್ನೂ 17-18 ವರ್ಷ ಬದುಕುತ್ತಾರೆ. ಹಾಗಿದ್ದರೆ 70 ಎಲ್ಲಿಂದ ಬಂತು?

ಬೆರಳಲ್ಲಿ ಲೆಕ್ಕ ಹಾಕಿ. ಹತ್ತು ಜನರ ಒಂದು ಪುಟ್ಟ ಊರು ಎಂದುಕೊಳ್ಳಿ. ಎಂಟು ಜನ 70 ವರ್ಷ ಬದುಕಿದರು. ಇಬ್ಬರು ಹುಟ್ಟಿದ ದಿನವೇ ತೀರಿಕೊಂಡರು. ಊರಿನ ಸರಾಸರಿ ಆಯುಷ್ಯ 56. ಆ ಊರಿನಲ್ಲಿ 56ಕ್ಕೆ ಸತ್ತವರು ಒಬ್ಬರೂ ಇಲ್ಲ! ಈಗ ಆ ಇಬ್ಬರು ಕೂಸುಗಳಲ್ಲಿ ಒಂದು ಬದುಕಿ 70 ಮುಟ್ಟಿತು ಎನ್ನಿ. ಸರಾಸರಿ ಒಮ್ಮೆಗೇ 63ಕ್ಕೆ ಏರುತ್ತದೆ. ಅದರ ಬದಲು ಇಬ್ಬರು ಮುದುಕರಿಗೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿ ತಲಾ ಹತ್ತು ವರ್ಷ ಹೆಚ್ಚಿಗೆ ಬದುಕಿಸಿದರೆ? ಸರಾಸರಿ 58 ಆಗುತ್ತದೆ, ಅಷ್ಟೇ. ಹಿರಿಯರ ಪ್ರಾಣಕ್ಕೆ ಬೆಲೆ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಈ ಅಂಕಿ ಯಾವುದಕ್ಕೆ ಹೆಚ್ಚು ಕದಲುತ್ತದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ. ಬೇಗನೆ ಬರುವ ಸಾವು ಅದನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕಾಗಿಯೇ ಒಂದು ಪ್ರದೇಶದ ನೀರು, ಚರಂಡಿ, ಹೆರಿಗೆ ಕೋಣೆ, ರಸ್ತೆ, ಊಟ, ದುಡಿಮೆ ಎಲ್ಲದರ ಸ್ಥಿತಿಯೂ ಈ ಒಂದು ಅಂಕಿಯಲ್ಲಿ ಇಣುಕುತ್ತದೆ.

ಲೆಕ್ಕದ ರೀತಿ ಹೊಸದೇನಲ್ಲ. 1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ಚರ್ಚುಗಳು ಬರೆದಿಟ್ಟಿದ್ದ ಸಾವಿನ ಪಟ್ಟಿಗಳನ್ನು ಕೂಡಿಸಿ ಕಳೆದು ಪುಸ್ತಕ ಬರೆದ. 1693ರಲ್ಲಿ ಎಡ್ಮಂಡ್ ಹ್ಯಾಲಿ – ಧೂಮಕೇತುವಿಗೆ ಹೆಸರು ಬಂತಲ್ಲ, ಅದೇ ಹ್ಯಾಲಿ – ಬ್ರೆಸ್ಲೌ ಎಂಬ ಊರಿನ ಜನನ ಮರಣದ ದಾಖಲೆಯಿಂದ ಯಾವ ವಯಸ್ಸಿನವರು ಎಷ್ಟು ಜನ ಉಳಿಯುತ್ತಾರೆ ಎಂಬ ಕೋಷ್ಟಕ ಮಾಡಿದ. ಇಬ್ಬರಿಗೂ ಸಾಮಗ್ರಿ ಸಿಕ್ಕಿದ್ದು ಧಾರ್ಮಿಕ ಸಂಸ್ಥೆಗಳು ಇಟ್ಟ ಪುಸ್ತಕಗಳಿಂದ ಎಂಬುದನ್ನು ಗಮನಿಸಿ.

‘ಆಯುಷ್ಯ ಬರೆದಾಗಿದೆ, ಲೆಕ್ಕ ಯಾಕೆ?’

ಈ ಪ್ರಶ್ನೆ ನಮ್ಮಲ್ಲಿ ಖಂಡಿತ ಬರುತ್ತದೆ. ಇದಕ್ಕೆ ಉತ್ತರವನ್ನು ನಾನು ಹುಡುಕಬೇಕಿಲ್ಲ. ಹಝ್ರತ್ ಉಮರ್(ರ) ಹಿಜರಿ 18ನೇ ವರ್ಷದ ಸುಮಾರಿಗೆ ಸಿರಿಯಾ ಕಡೆಗೆ ಹೊರಟಿದ್ದಾಗ ಸರ್ಗ್ ಎಂಬಲ್ಲಿ ಅಲ್ಲಿನ ಸಾಂಕ್ರಾಮಿಕ ರೋಗದ ಸುದ್ದಿ ತಲುಪಿತು. ಅವರು ಸಮಾಲೋಚನೆ ನಡೆಸಿ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಒಂಟೆಯನ್ನು ಹಸಿರಿರುವ ಕಡೆ ಮೇಯಿಸುವುದೂ ಬರಡು ಕಡೆ ಮೇಯಿಸುವುದೂ ಎರಡೂ ವಿಧಿಯೇ ಎಂಬ ಹೋಲಿಕೆಯನ್ನೂ ಕೊಟ್ಟರು. ತನ್ನ ಸಮುದಾಯದವರ ವಯಸ್ಸು ಸಾಮಾನ್ಯವಾಗಿ ಅರವತ್ತರಿಂದ ಎಪ್ಪತ್ತರ ನಡುವೆ ಎಂಬ ಪ್ರವಾದಿ(ಸ) ಮಾತಿನ ವರದಿಯೂ ತಿರ್ಮಿದಿಯಲ್ಲಿದೆ. ಅಂದರೆ ‘ಬಹುತೇಕರ ವಯಸ್ಸು’ ಎಂಬ ಆಲೋಚನೆ ನಮಗೆ ಪರಕೀಯವಲ್ಲ. 48ನೇ ವಯಸ್ಸಿಗೆ ಎದೆನೋವಿನಿಂದ ಹೋದ ಮನುಷ್ಯನ ಮನೆಯಲ್ಲಿ ‘ಅಷ್ಟೇ ಬರೆದಿತ್ತು’ ಎಂದು ಸಾಂತ್ವನ ಹೇಳುವುದು ಸರಿ. ಅದೇ ಬೀದಿಯಲ್ಲಿ ಐದು ವರ್ಷದಲ್ಲಿ ಅಂಥ ಎಂಟು ಸಾವು ಕಂಡ ಜಮಾಅತ್ ಕಮಿಟಿಯೂ ಅದನ್ನೇ ಹೇಳಿ ಸುಮ್ಮನಾಗುವುದು ಸರಿಯಲ್ಲ.

ಮಂಡ್ಯ ಸೀಮೆ ಗಳಿಸಿದ ವರ್ಷಗಳು

ನೂರು ವರ್ಷದ ಹಿಂದಿನ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. 1911ರಿಂದ 1921ರ ದಶಕದಲ್ಲಿ ಭಾರತೀಯರ ಸರಾಸರಿ ಜೀವಿತಾವಧಿ ಸುಮಾರು 20 ವರ್ಷ. ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಕಾಲಿಟ್ಟ ಪ್ಲೇಗು ಮತ್ತೆ ಮತ್ತೆ ಬರುತ್ತಿತ್ತು. 1918ರ ಇನ್‌ಫ್ಲುಯೆಂಜಾ ಊರೂರನ್ನೇ ಗುಡಿಸಿತು. ಸ್ವಾತಂತ್ರ್ಯದ ಹೊತ್ತಿಗೆ ಸರಾಸರಿ 32 ಆಗಿತ್ತು. ನಮ್ಮ ಅಜ್ಜ ಅಜ್ಜಿಯರು ಹುಟ್ಟಿದ್ದು ಆ 32ರ ಕಾಲದಲ್ಲಿ. ಅಂದಿನ ಎಲ್ಲರೂ ಮೂವತ್ತೆರಡಕ್ಕೇ ಸಾಯುತ್ತಿರಲಿಲ್ಲ. ಹತ್ತು ಹೆತ್ತ ತಾಯಿ ನಾಲ್ಕೈದನ್ನು ಮಣ್ಣಿಗೆ ಕೊಡುವುದು ಮಾಮೂಲಾಗಿತ್ತು. ಅದರ ಲೆಕ್ಕ ಅದು.

ಮಂಡ್ಯದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಇದು ಹೆಸರಿಲ್ಲದ ಊರಲ್ಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಆರೋಗ್ಯ ಘಟಕವನ್ನು ಇಲ್ಲಿ ಸ್ಥಾಪಿಸಿತು. ಆಸ್ಪತ್ರೆಯಲ್ಲಿ ಕುಳಿತು ರೋಗಿಗಾಗಿ ಕಾಯುವುದರ ಬದಲು ಹಳ್ಳಿಗೆ ಹೋಗಿ ಕಕ್ಕಸು, ಬಾವಿ, ಹೆರಿಗೆ, ಸಿಡುಬಿನ ಚುಚ್ಚುಮದ್ದು ನೋಡಿಕೊಳ್ಳುವ ಪ್ರಯೋಗ. ಇಂದು ನಿಮ್ಮ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಒಂದು ಅರ್ಥದಲ್ಲಿ ಆ ಪ್ರಯೋಗದ ಮೊಮ್ಮಗಳು.

ಅಷ್ಟರಲ್ಲೇ ಕನ್ನಂಬಾಡಿಯ ನೀರೂ ಬಂತು. ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಮದ್ದೂರು ಮಳವಳ್ಳಿಯ ಕಡೆಗೂ ಹರಿಯಿತು. ಮಂಡ್ಯದಲ್ಲಿ 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಹೊಟ್ಟೆ ತುಂಬಿಸಿದ ನೀರು ಮಲೇರಿಯಾವನ್ನೂ ತಂದಿತು. ನಾಲೆಯ ಸೋರಿಕೆ, ಗದ್ದೆಯಲ್ಲಿ ನಿಂತ ನೀರು, ಸೊಳ್ಳೆ, ಚಳಿಜ್ವರ – ಆ ಕಾಲದ ವೈದ್ಯರ ಬರಹಗಳಲ್ಲಿ ಇದು ಮುಖ್ಯ ಚಿಂತೆ. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಡಿಡಿಟಿ, ಕ್ವಿನೈನ್ ನಂತರದ ಮದ್ದುಗಳು ಅದನ್ನು ತಗ್ಗಿಸಿದವು. ಭತ್ತದ ಗದ್ದೆಯ ಸೊಳ್ಳೆಯಿಂದ ಬರುವ ಮಿದುಳು ಜ್ವರ ಮಾತ್ರ ಜಿಲ್ಲೆಯನ್ನು ಪೂರ್ತಿ ಬಿಟ್ಟಿಲ್ಲ. ಮಗುವಿಗೆ ಅದರ ಲಸಿಕೆಯನ್ನು ತಪ್ಪದೆ ಹಾಕಿಸಿ.

ಅತಿ ಹೆಚ್ಚು ವರ್ಷಗಳು ಸಿಕ್ಕಿದ್ದು ಕೂಸುಗಳಿಂದ. 2020ರ ಅಂಕಿಯಂತೆ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 19 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ದೇಶದಲ್ಲಿ 28, ಕೇರಳದಲ್ಲಿ ಬರೀ 6. ಹೆರಿಗೆಯ ಸಂಬಂಧ ಸಾಯುವ ತಾಯಂದಿರು ಲಕ್ಷ ಜನನಕ್ಕೆ ಕರ್ನಾಟಕದಲ್ಲಿ 69, ಕೇರಳದಲ್ಲಿ 19. ನಮ್ಮದು ಒಳ್ಳೆಯದೇ, ಆದರೆ ಪಕ್ಕದ ಮನೆಯವರನ್ನು ನೋಡಿದರೆ ಇನ್ನೂ ಎಷ್ಟು ದೂರ ಹೋಗಬಹುದು ಎಂಬುದೂ ಕಾಣುತ್ತದೆ.

ಇಲ್ಲಿ ಒಂದು ಕಹಿ ಮಾತು. ಜೀವಿತಾವಧಿಯ ಲೆಕ್ಕ ಶುರುವಾಗುವುದು ಹುಟ್ಟಿನಿಂದ. ಹುಟ್ಟಲು ಬಿಡದವರ ಲೆಕ್ಕ ಅದರಲ್ಲಿ ಇಲ್ಲ. 2023ರ ನವೆಂಬರ್‌ನಲ್ಲಿ ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಮನೆಯಲ್ಲಿ! ಹೆಣ್ಣುಕೂಸನ್ನು ಜೀವಂತ ಹೂಳುವವರನ್ನು ಕುರ್‌ಆನ್ ಯಾವ ಪ್ರಶ್ನೆಯ ಮುಂದೆ ನಿಲ್ಲಿಸಿದೆ ಎಂಬುದು ನಿಮಗೆ ಗೊತ್ತು. ಜಿಲ್ಲೆಯ ಜೀವಿತಾವಧಿ ನಾಳೆ 75 ಆದರೂ ಈ ಲೆಕ್ಕ ಬೇರೆಯೇ ಉಳಿಯುತ್ತದೆ.

ತೊಟ್ಟಿಲಲ್ಲಿ ಗಳಿಸಿದ್ದನ್ನು ಐವತ್ತರಲ್ಲಿ ಕಳೆದುಕೊಳ್ಳುವುದು

ನಮ್ಮ ಸಮುದಾಯದ ಬಗ್ಗೆ ನಡೆದ ಅಧ್ಯಯನಗಳು ಎರಡು ವಿರುದ್ಧ ಮಾತು ಹೇಳುತ್ತವೆ. ಎರಡನ್ನೂ ಕೇಳಿ.

ಮೊದಲನೆಯದು ಸಮಾಧಾನದ ಮಾತು. ಬಡತನ, ಶಿಕ್ಷಣದ ಕೊರತೆ ಎಲ್ಲ ಇದ್ದರೂ ಮುಸ್ಲಿಮರ ಮನೆಯ ಮಕ್ಕಳು ದೇಶದ ಸರಾಸರಿಗಿಂತ ಹೆಚ್ಚು ಬದುಕಿ ಉಳಿಯುತ್ತಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತು. ಇದು ಸಂಶೋಧಕರಿಗೆ ಒಗಟಾಗಿತ್ತು. ಮೈಕೆಲ್ ಜೆರುಸೊ ಮತ್ತು ಡೀನ್ ಸ್ಪಿಯರ್ಸ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದ ದೊಡ್ಡ ಭಾಗ ಕಕ್ಕಸಿನಲ್ಲಿದೆ ಎಂದರು. ಮುಸ್ಲಿಂ ಮನೆಗಳಲ್ಲಿ ಕಕ್ಕಸು ಬಳಸುವ ರೂಢಿ ಹೆಚ್ಚು, ಬಯಲಿಗೆ ಹೋಗುವುದು ಕಡಿಮೆ. ಅಷ್ಟೇ ಅಲ್ಲ, ಅಂಥ ನೆರೆಯಲ್ಲಿ ಇರುವ ಹಿಂದೂ ಮನೆಯ ಮಕ್ಕಳಿಗೂ ಅದರ ಲಾಭ ಸಿಗುತ್ತದೆ. ತಹಾರತ್ ಎಂದು ನಾವು ಮನೆಯಲ್ಲಿ ಮಕ್ಕಳಿಗೆ ಕಲಿಸುವ ಪಾಠ ಪಕ್ಕದ ಮನೆಯ ತೊಟ್ಟಿಲನ್ನೂ ಕಾಯುತ್ತದೆ ಎಂದರೆ ಸಣ್ಣ ವಿಷಯವೇ? (ಬೀಗಬೇಕಾಗಿಲ್ಲ. ಮನೆಯೊಳಗೆ ಶುದ್ಧಿ, ಮನೆಯ ಮುಂದಿನ ಚರಂಡಿಯಲ್ಲಿ ಕೋಳಿ ತ್ಯಾಜ್ಯ – ಇದೂ ನಮ್ಮದೇ ಬೀದಿಯ ದೃಶ್ಯ.)

ಎರಡನೆಯದು ಎಚ್ಚರಿಕೆಯ ಮಾತು. ಸಂಗೀತಾ ವ್ಯಾಸ್ ಮತ್ತು ಸಂಗಡಿಗರು ಒಂಬತ್ತು ರಾಜ್ಯಗಳ ಅಂಕಿಗಳನ್ನು ಇಟ್ಟುಕೊಂಡು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ಜೀವಿತಾವಧಿ ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದ್ದು ಮೂರು ವರ್ಷಕ್ಕೂ ಹೆಚ್ಚು ಕಡಿಮೆ, ಮುಸ್ಲಿಮರದ್ದು ಸುಮಾರು ಒಂದು ವರ್ಷ ಕಡಿಮೆ ಎಂದು ಕಂಡಿತು. ಕೂಸುಗಳು ಹೆಚ್ಚು ಉಳಿದೂ ಒಟ್ಟು ಲೆಕ್ಕದಲ್ಲಿ ನಾವು ಹಿಂದೆ ಬಿದ್ದರೆ, ಮುಂದಿನ ವಯಸ್ಸಿನಲ್ಲಿ ಎಲ್ಲೋ ಸೋರಿಹೋಗುತ್ತಿದೆ ಎಂದೇ ಅರ್ಥ. ಇನ್ನು ಕೋವಿಡ್ ಕಾಲ. 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, 2020ರಲ್ಲಿ ಭಾರತದ ಜೀವಿತಾವಧಿ 2.6 ವರ್ಷ ಕುಸಿಯಿತು, ಮುಸ್ಲಿಮರದ್ದು 5.4 ವರ್ಷ ಕುಸಿಯಿತು ಎಂದಿತು. ಕೇಂದ್ರ ಆರೋಗ್ಯ ಸಚಿವಾಲಯ ಈ ಅಂದಾಜನ್ನು ಒಪ್ಪದೆ ಅಧ್ಯಯನದ ವಿಧಾನವನ್ನೇ ಪ್ರಶ್ನಿಸಿತು. ಈ ಎರಡೂ ಅಧ್ಯಯನಗಳಲ್ಲಿ ಕರ್ನಾಟಕ ಸೇರಿರಲಿಲ್ಲ ಎಂಬುದನ್ನು ಮರೆಯಬಾರದು. ಅವುಗಳನ್ನು ತಂದು ಮಂಡ್ಯದ ತಲೆಗೆ ಕಟ್ಟುವುದು ತಪ್ಪು. ನಮ್ಮ ಲೆಕ್ಕ ನಾವೇ ನೋಡಬೇಕು.

ಬೀರುವಿನಲ್ಲಿರುವ ಪುಸ್ತಕ

ಈಗ ಮಸೀದಿಯ ಬೀರುವಿಗೆ ಬರೋಣ. ಬಹುಪಾಲು ಜಮಾಅತ್‌ಗಳಲ್ಲಿ ದಫನ್ ಪುಸ್ತಕ ಇರುತ್ತದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ತಾರೀಖು, ಕೆಲವು ಕಡೆ ವಯಸ್ಸು. ಮುತವಲ್ಲಿಯವರ ಅನುಮತಿ ಪಡೆದು ಒಂದು ಸಂಜೆ ಅದನ್ನು ತೆರೆಯಿರಿ. ಇಬ್ಬರು ಓದಿದ ಹುಡುಗರು ಅಥವಾ ಹುಡುಗಿಯರು ಸಾಕು. ಹೆಸರುಗಳನ್ನು ಬರೆದುಕೊಳ್ಳುವುದು ಬೇಡ, ಗುಟ್ಟು ಗುಟ್ಟಾಗಿಯೇ ಇರಲಿ. ವಯಸ್ಸು, ಗಂಡೋ ಹೆಣ್ಣೋ, ವರ್ಷ, ಗೊತ್ತಿದ್ದರೆ ಕಾರಣ – ಇಷ್ಟೇ ಬೇಕು.

ಮೊದಲಿಗೇ ಒಂದು ತಮಾಷೆ ಕಾಣುತ್ತದೆ. ಸತ್ತವರೆಲ್ಲ 60, 65, 70 ವರ್ಷದವರು. 63 ಅಥವಾ 67ರವರು ಇಲ್ಲವೇ ಇಲ್ಲ. ಅಂದಾಜಿನಲ್ಲಿ ಬರೆಸಿದ್ದು. ಆಧಾರ್ ಕಾರ್ಡಿನಲ್ಲೂ ಹಿರಿಯರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಪರವಾಗಿಲ್ಲ, ನಾಲ್ಕೈದು ವರ್ಷ ಹೆಚ್ಚು ಕಡಿಮೆಯಾದರೂ ನಮ್ಮ ಕೆಲಸ ನಡೆಯುತ್ತದೆ.

ಒಂದು ಎಚ್ಚರಿಕೆ. ಸತ್ತವರ ವಯಸ್ಸನ್ನೆಲ್ಲ ಕೂಡಿ ಭಾಗಿಸಿದರೆ ಬರುವುದು ಜೀವಿತಾವಧಿ ಅಲ್ಲ. ಮೊಹಲ್ಲಾದಲ್ಲಿ ಮುದುಕರು ಕಡಿಮೆ, ಯುವಕರು ಹೆಚ್ಚಿದ್ದರೆ ಆ ಸರಾಸರಿ ಸುಮ್ಮನೆ ಕೆಳಗೆ ಕಾಣುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಐನೂರು ಜನರ ಜಮಾಅತ್ ಎಂದರೆ ವರ್ಷಕ್ಕೆ ಮೂರ್ನಾಲ್ಕು ಸಾವು. ಒಂದು ವರ್ಷದ ಪುಟ ನೋಡಿ ತೀರ್ಮಾನಕ್ಕೆ ಬರಬೇಡಿ, ಹತ್ತು ವರ್ಷದ್ದು ನೋಡಿ. ಸಾಧ್ಯವಾದರೆ ಮಂಡ್ಯ ಪಟ್ಟಣ, ಮದ್ದೂರು, ಮಳವಳ್ಳಿಯ ಜಮಾಅತ್‌ಗಳು ತಮ್ಮ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಲಿ. ಜಿಲ್ಲೆಯಲ್ಲಿ ನಾವು ನೂರಕ್ಕೆ ಸುಮಾರು ನಾಲ್ಕು ಜನ. ಚೂರು ಚೂರಾಗಿ ನೋಡಿದರೆ ಏನೂ ಕಾಣದು.

ಸರಾಸರಿಯ ಬದಲು ಇನ್ನೊಂದು ಸುಲಭದ ಲೆಕ್ಕ ಮಾಡಿ. 70ಕ್ಕಿಂತ ಮೊದಲು ಹೋದ ಪ್ರತಿಯೊಬ್ಬರ ಮುಂದೆ, 70ಕ್ಕೆ ಎಷ್ಟು ವರ್ಷ ಉಳಿದಿತ್ತು ಎಂದು ಬರೆಯಿರಿ. ಒಂದು ದಿನದ ಕೂಸಿಗೆ 70. ಬೈಕಿನಲ್ಲಿ ಹೋದ 22ರ ಹುಡುಗನಿಗೆ 48. 48, 52, 58ಕ್ಕೆ ಹೃದಯ, ಸಕ್ಕರೆ, ಪಾರ್ಶ್ವವಾಯು ಎಂದು ಹೋದ ಮೂವರಿಗೆ 22, 18, 12, ಒಟ್ಟು 52. ಮೂವರು ಮನೆ ಯಜಮಾನರು ಸೇರಿ ಕಳೆದಷ್ಟು ವರ್ಷಗಳನ್ನು ಒಬ್ಬ ಹುಡುಗ ಒಂದು ರಾತ್ರಿಯಲ್ಲಿ ಹೆಚ್ಚು ಕಡಿಮೆ ಕಳೆದ. ಈ ಅಂಕಣವನ್ನು ಕಾರಣವಾರು ಕೂಡಿಸಿದರೆ ನಿಮ್ಮ ಮೊಹಲ್ಲಾದ ರೋಗ ಯಾವುದು ಎಂಬುದು ಯಾವ ಡಾಕ್ಟರೂ ಹೇಳದಷ್ಟು ಸ್ಪಷ್ಟವಾಗುತ್ತದೆ.

ರಸ್ತೆ ಮತ್ತು ನಾಲೆಯ ಸಾವು ನಮ್ಮ ಸೀಮೆಯಲ್ಲಿ ಚಿಕ್ಕ ಸಾಲಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟಿಸಿದರು. ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜೀವ ಹೋಯಿತು. ಆಗಸ್ಟ್ ಒಂದರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಹೆದ್ದಾರಿಯಿಂದ ದೂರವಿಟ್ಟರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತದ್ದನ್ನು ಯಾರು ಮರೆತಾರು? ಅದರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ಹೆಲ್ಮೆಟ್, ನಾಲೆಗೆ ತಡೆಗೋಡೆ, ಹುಡುಗರಿಗೆ ಈಜು – ಆರೋಗ್ಯ ಪುಟದಲ್ಲಿ ಇವು ಬರುವುದು ಕಡಿಮೆ. ಬರಬೇಕು.

ಪುಸ್ತಕದಲ್ಲಿ ಕಾರಣ ಬರೆಯಲು ಹಿಂಜರಿಯುವ ಸಾವುಗಳೂ ಇವೆ. ಸಾಲದ ಹೊರೆಗೆ, ಮನೆಯ ಸಂಕಟಕ್ಕೆ ತಾವೇ ಪ್ರಾಣ ಕಳೆದುಕೊಂಡವರು. ಮನೆಯವರು ಮುಚ್ಚಿಡುತ್ತಾರೆ, ಅವರ ನೋವು ಅರ್ಥವಾಗುವಂಥದ್ದೇ. ಆದರೆ ಮುಚ್ಚಿಟ್ಟ ಕಡೆ ಮುಂದಿನವನನ್ನು ಮಾತಾಡಿಸುವವರೂ ಇರುವುದಿಲ್ಲ.

ಸಕ್ಕರೆ ನಾಡಿನ ಸಕ್ಕರೆ, ಮತ್ತು ಎದೆನೋವಿನ ಆ ಒಂದು ಗಂಟೆ

ನನ್ನ ಊಹೆಯಲ್ಲಿ ಅಂಕಣದ ಅತಿ ಉದ್ದನೆಯ ಸಾಲು ಐವತ್ತರ ಆಸುಪಾಸಿನದು. ಗ್ಯಾರೇಜು, ವೆಲ್ಡಿಂಗ್, ಗುಜರಿ, ಮದ್ದೂರಿನ ಎಳನೀರು ಲೋಡಿಂಗ್, ಮಳವಳ್ಳಿ ಕಡೆಯ ರೇಷ್ಮೆ, ಹಣ್ಣಿನ ಗಾಡಿ – ನಮ್ಮ ಗಂಡಸರ ದುಡಿಮೆಯಲ್ಲಿ ರಜೆ ಹಾಕಿ ರಕ್ತ ಪರೀಕ್ಷೆಗೆ ಹೋಗುವ ಪದ್ಧತಿ ಇಲ್ಲ. ಹೆಂಗಸರಂತೂ ಗಂಡ ಮಕ್ಕಳ ಚೀಟಿ ಹಿಡಿದು ಆಸ್ಪತ್ರೆಗೆ ಹತ್ತು ಸಲ ಹೋಗುತ್ತಾರೆ, ತಮ್ಮ ತೋಳಿಗೆ ಒಮ್ಮೆಯೂ ಪಟ್ಟಿ ಕಟ್ಟಿಸಿಕೊಳ್ಳುವುದಿಲ್ಲ. ರಕ್ತದೊತ್ತಡ 140/90 ಅಥವಾ ಅದಕ್ಕೂ ಮೇಲೆ ಪದೇ ಪದೇ ಬಂದರೆ ಕಾಯಿಲೆ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದು ಎರಡನೇ ಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮಧುಮೇಹ. ಎರಡೂ ವರ್ಷಗಟ್ಟಲೆ ನೋವಿಲ್ಲದೆ ಕೆಲಸ ಮಾಡುತ್ತವೆ. ಮೂವತ್ತು ದಾಟಿದವರಿಗೆ ಈ ಎರಡೂ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಮಾತ್ರೆಯೂ ಉಚಿತ. ಸಿಕ್ಕಿದ ಮಾತ್ರೆಯನ್ನು ‘ಈಗ ನಾರ್ಮಲ್ ಆಗಿದೆ’ ಎಂದು ಬಿಟ್ಟುಬಿಡುವುದೇ ನಮ್ಮ ದೊಡ್ಡ ಕಾಯಿಲೆ. ನಾರ್ಮಲ್ ಆಗಿರುವುದು ಮಾತ್ರೆಯಿಂದ.

ಐದು ಹೊತ್ತಿನ ನಮಾಝೇ ವ್ಯಾಯಾಮ ಎನ್ನುವವರಿದ್ದಾರೆ. ನಮಾಝ್ ಇಬಾದತ್, ಅದನ್ನು ಕ್ಯಾಲೊರಿ ಲೆಕ್ಕಕ್ಕೆ ಎಳೆಯಬೇಡಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫಜ್ರ್‌ಗೂ ಇಶಾಗೂ ಸ್ಕೂಟರ್ ಬಿಟ್ಟು ಕಾಲ್ನಡಿಗೆಯಲ್ಲಿ ಬಂದರೆ ಅದರ ಬಹುಭಾಗ ಮುಗಿಯಿತು. ಮಧುಮೇಹದವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ. ತಂಬಾಕಿನ ವಿಷಯ: 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಬಳಸುತ್ತಾರೆ. ಮದ್ಯ ಮುಟ್ಟದ ಎಷ್ಟೋ ಮಂದಿ ಮಸೀದಿಯ ಹೊರಗೆ ಬೀಡಿ ಹಚ್ಚುವುದನ್ನು ನೋಡಿದರೆ, ಉಳಿಸಿದ ವರ್ಷಗಳನ್ನು ಬಾಗಿಲಲ್ಲೇ ಕೊಟ್ಟುಬಿಡುತ್ತಿದ್ದಾರೆ ಅನಿಸುತ್ತದೆ.

ಎದೆನೋವು ಬಂದಾಗ ಏನು ಮಾಡುತ್ತೀರಿ ಎಂಬುದನ್ನು ಇಂದೇ ಮನೆಯಲ್ಲಿ ಮಾತಾಡಿ. ಮಾಮೂಲಿ ಕ್ರಮ ಹೀಗಿದೆ: ‘ಗ್ಯಾಸ್ಟ್ರಿಕ್’ ಎಂದು ಸೋಡಾ, ಶುಂಠಿ ರಸ, ಸ್ವಲ್ಪ ಮಲಗಿ ನೋಡೋಣ, ಬೆಳಗ್ಗೆ ಮೈಸೂರಿಗೆ ಹೋಗೋಣ. ಮಳವಳ್ಳಿಯಿಂದ ಮೈಸೂರು ಸುಮಾರು 45 ಕಿ.ಮೀ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು – ಇವು ಬಂದರೆ ಸೋಡಾ ಬೇಡ, 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮಧುಮೇಹಿಗಳಿಗೆ ಮತ್ತು ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಬೆವರು ಬರಬಹುದು. ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಎರಡು ವರ್ಷದ ಮೇಲೆ, 2023ರಲ್ಲಿ, ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ. ಈ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಷ್ಟು ಗುಣ ಹೆಚ್ಚು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಈಗ ಲಭ್ಯವಿದೆಯೇ, ರಾತ್ರಿ ಹೊತ್ತು ಇಸಿಜಿ ತೆಗೆಯುವವರು ಇರುತ್ತಾರೆಯೇ ಎಂದು ಜಮಾಅತಿನ ಇಬ್ಬರು ಹೋಗಿ ಕೇಳಿಬರಲಿ. ಯಾರಿಗೂ ಎದೆನೋವು ಇಲ್ಲದ ದಿನ ಕೇಳಬೇಕಾದ ಪ್ರಶ್ನೆ ಅದು. ಹೆಚ್ಚಿನ ಚಿಕಿತ್ಸೆಗೆ ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ.

ಕಚೇರಿಯ ಪುಸ್ತಕದಲ್ಲೂ ಒಂದು ಸಾಲು

ಮಸೀದಿಯ ಪುಸ್ತಕದಲ್ಲಿ ಬರೆದರೆ ಸರ್ಕಾರದ ಲೆಕ್ಕಕ್ಕೆ ಹೋಗುವುದಿಲ್ಲ. ನಾವು ದಫನ್ ಬೇಗ ಮುಗಿಸುತ್ತೇವೆ. ನೋಂದಣಿ ನೆನಪಾಗುವುದು ಆಸ್ತಿ ಖಾತೆಗೋ ಪಿಂಚಣಿಗೋ ಪತ್ರ ಬೇಕಾದಾಗ. 1969ರ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಲೆಯಬೇಕು. ಮನೆಯಲ್ಲೇ ತೀರಿಕೊಂಡವರಾದರೆ, ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳುವಂತಿಲ್ಲ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ನೂರಕ್ಕೆ ಸುಮಾರು 22ಕ್ಕೆ ಮಾತ್ರ ವೈದ್ಯರು ದೃಢಪಡಿಸಿದ ಕಾರಣ ಇತ್ತು. ‘ಹೃದಯ ಸ್ತಂಭನ’ ಎಂದಷ್ಟೇ ಬರೆಯಲು ಬಿಡಬೇಡಿ. ಯಾರು ಸತ್ತರೂ ಹೃದಯ ನಿಂತೇ ಸಾಯುವುದು. ಅದು ನಿಂತದ್ದು ಯಾಕೆ ಎಂಬುದು ಬೇಕು.

ಇನ್ನು ಮಸೀದಿಯ ಪುಸ್ತಕಕ್ಕೆ ಮುಂದಿನ ಜನಾಝಾದಿಂದಲೇ ಎರಡು ತಿದ್ದುಪಡಿ. ಎಷ್ಟೋ ಕಡೆ ಹೆಂಗಸರ ಸಾಲಿನಲ್ಲಿ ‘ಇಂಥವರ ಹೆಂಡತಿ’ ಎಂದಿರುತ್ತದೆ, ಹೆಸರೂ ಇಲ್ಲ, ವಯಸ್ಸೂ ಇಲ್ಲ. ಹೆಸರು ಬರೆಯಿರಿ, ವಯಸ್ಸು ಬರೆಯಿರಿ, ಹೆರಿಗೆಯ ಆರು ವಾರದೊಳಗೆ ಹೋದವರಾದರೆ ಅದನ್ನೂ ಬರೆಯಿರಿ. ಎರಡನೆಯದು ಕೂಸುಗಳ ವಿಷಯ. ಹುಟ್ಟಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡ ಮಗುವನ್ನು ಮಗ್ರಿಬ್‌ಗೆ ಮುಂಚೆ ಇಬ್ಬರು ಮೂವರು ಹೋಗಿ ಖಬರಸ್ಥಾನದ ಮೂಲೆಯಲ್ಲಿ ಹೂಳಿ ಬರುತ್ತಾರೆ. ಪುಸ್ತಕ ತೆರೆಯುವುದೇ ಇಲ್ಲ. ಒಮ್ಮೆ ಉಸಿರಾಡಿದ ಮಗುವಿನ ಜನನವನ್ನೂ ಮರಣವನ್ನೂ ಎರಡನ್ನೂ ನೋಂದಾಯಿಸಬೇಕು ಎನ್ನುತ್ತದೆ ಕಾನೂನು. ಊರಿನ ಆಯುಷ್ಯದ ಲೆಕ್ಕದಲ್ಲಿ ಒಬ್ಬೊಬ್ಬರದೂ ಎಪ್ಪತ್ತು ವರ್ಷದ ತೂಕವಿರುವವರು ಆ ಮೂಲೆಯಲ್ಲೇ ಮಲಗಿದ್ದಾರೆ. ಅವರಿಗೂ ಒಂದು ಸಾಲು ಇರಲಿ: ತಾರೀಖು, ಗಂಡೋ ಹೆಣ್ಣೋ, ಎಲ್ಲಿ ಹೆರಿಗೆಯಾಯಿತು, ಎಷ್ಟು ಹೊತ್ತು ಬದುಕಿತ್ತು.